ನಾಚಿಕೆಯ ಹೆಸರು ಹೊತ್ತ ನರ: ಪ್ಯುಡೆಂಡಲ್ ನರಕ್ಕೆ ಪೆಟ್ಟು ಬಿದ್ದರೆ ಏನಾಗುತ್ತದೆ?

ನಾಲ್ಕು ಜನರ ನಡುವೆ ಕೂತಿದ್ದೀರಿ. ಹೊಟ್ಟೆಯೊಳಗೆ ಗ್ಯಾಸ್ ಗುಡುಗುಡು ಅಂದು ಕೆಳಗಿಳಿಯಿತು. ಮುಖದಲ್ಲಿ ಏನೂ ತೋರಿಸದೆ ಕೆಳಗೆ ಬಿಗಿ ಹಿಡಿದಿರಿ. ಸ್ವಲ್ಪ ಹೊತ್ತಿಗೆ ಒತ್ತಡ ಹಿಂದೆ ಸರಿಯಿತು, ಮಾತು ಮುಂದುವರಿಯಿತು. ಪಕ್ಕದವರಿಗೆ ಗೊತ್ತೇ ಆಗಲಿಲ್ಲ.

ಅಷ್ಟು ಹೊತ್ತಿನಲ್ಲಿ ದೇಹ ಮಾಡಿದ ಕೆಲಸ ಸಣ್ಣದಲ್ಲ. ದೊಡ್ಡ ಕರುಳಿನ ಕೊನೆಯ ಭಾಗ ಉಬ್ಬಿತು. ಗುದದ್ವಾರದ ಒಳ ಬಿಗಿಯುಂಗುರ ಒಂದು ಕ್ಷಣ ತಾನಾಗಿ ಸಡಿಲವಾಯಿತು. ಒಳಗಿದ್ದದ್ದು ತುಸು ಕೆಳಗೆ ಬಂದು ಗುದನಾಳದ ಚರ್ಮಕ್ಕೆ ತಾಗಿತು. ಬಂದದ್ದು ಗಾಳಿಯೋ, ನೀರೋ, ಗಟ್ಟಿಯೋ ಅಂತ ಆ ಚರ್ಮ ರುಚಿ ನೋಡಿದ ಹಾಗೆ ನೋಡಿ ಮೇಲಕ್ಕೆ ಸುದ್ದಿ ಕಳಿಸಿತು. 'ಈಗ ಬೇಡ' ಅನ್ನೋ ಉತ್ತರ ಕೆಳಗೆ ಬಂತು. ಹೊರ ಉಂಗುರ ಬಿಗಿಯಾಯಿತು. ಹೋದ ಸುದ್ದಿ, ಬಂದ ಉತ್ತರ, ಎರಡೂ ಬಹುಮಟ್ಟಿಗೆ ಒಂದೇ ದಾರಿ ಹಿಡಿದವು. ಆ ದಾರಿಯ ಹೆಸರು ಪ್ಯುಡೆಂಡಲ್ ನರ. ಎಡಕ್ಕೊಂದು, ಬಲಕ್ಕೊಂದು ಇದೆ.

ಹೆಸರಿನ ಮೂಲ ಲ್ಯಾಟಿನ್. ನಾಚಿಕೆಪಡುವುದು ಅನ್ನೋ ಅರ್ಥದ ಪದದಿಂದ ಹುಟ್ಟಿದ್ದು. ಗುಪ್ತಾಂಗಗಳಿಗೆ ಹೋಗುವ ನರ, ಹಾಗಾಗಿ ಅದು 'ನಾಚಿಕೆ ನರ'. ಹೆಸರಿಟ್ಟವರಿಗೆ ಅದು ತಮಾಷೆಯಾಗಿ ಕಂಡಿತೋ ಏನೋ. ಆದರೆ ಕೆಮ್ಮಿದಾಗ ಉಚ್ಚೆ ಸೋರುತ್ತದೆ ಅಂತಲೋ, ಕೂತರೆ ಕೆಳಗೆ ಬೆಂಕಿ ಹಚ್ಚಿದ ಹಾಗೆ ಉರಿಯುತ್ತದೆ ಅಂತಲೋ ಡಾಕ್ಟರ ಹತ್ತಿರ ಹೇಳೋಕೆ ವರ್ಷಗಟ್ಟಲೆ ಹಿಂಜರಿಯುವವರಿದ್ದಾರೆ. ಅವರ ಮಟ್ಟಿಗೆ ಹೆಸರು ಸರಿಯಾಗಿಯೇ ಕೂತಿದೆ.

ಈ ನರಕ್ಕೆ ಪೆಟ್ಟಾದರೆ ಕಾಣೋ ತೊಂದರೆಗೆ ಎರಡು ಮುಖಗಳಿವೆ. ಒಂದು, ಹಿಡಿತ ಸಡಿಲವಾಗುವುದು. ಇನ್ನೊಂದು, ನೋವು. ನರ ಒಂದೇ ಆದರೂ ಇವೆರಡರ ಚಿಕಿತ್ಸೆ ಹಲವು ಸಲ ಒಂದಕ್ಕೊಂದು ಉಲ್ಟಾ. ಇದು ಗೊತ್ತಿಲ್ಲದೆ ಎಲ್ಲರಿಗೂ ಒಂದೇ ವ್ಯಾಯಾಮ ಹೇಳಿಬಿಡುವುದರಿಂದ ಕೆಲವರಿಗೆ ನೋವು ಇನ್ನೂ ಜಾಸ್ತಿಯಾಗುತ್ತದೆ.

ನರ ಹೋಗುವ ದಾರಿ

ಬೆನ್ನುಮೂಳೆಯ ಕೆಳತುದಿಯಲ್ಲಿ, ಬಾಲಮೂಳೆಗಿಂತ ಸ್ವಲ್ಪ ಮೇಲೆ, ತ್ರಿಕೋನದ ಆಕಾರದ ಒಂದು ಮೂಳೆ ಇದೆ. ಅದೇ ಸೇಕ್ರಮ್. ಅಲ್ಲಿಂದ ಹೊರಬರುವ ಎರಡು, ಮೂರು ಮತ್ತು ನಾಲ್ಕನೇ ನರಬೇರುಗಳು, ಅಂದರೆ ಎಸ್2, ಎಸ್3, ಎಸ್4 ಸೇರಿ ಪ್ಯುಡೆಂಡಲ್ ನರವಾಗುತ್ತದೆ.

ಆಮೇಲೆ ಅದು ಹಿಡಿಯುವ ದಾರಿ ವಿಚಿತ್ರವಾಗಿದೆ. ಸೊಂಟದ ಗೂಡಿನಿಂದ ಒಂದು ಕಿಂಡಿಯ ಮೂಲಕ ಹಿಂದಕ್ಕೆ, ಪೃಷ್ಠದ ಕಡೆಗೆ ಹೊರಬರುತ್ತದೆ. ಅಲ್ಲಿ ಇಷಿಯಲ್ ಸ್ಪೈನ್ ಎಂಬ ಮುಳ್ಳಿನಂಥ ಮೂಳೆಯ ಮೊನೆ ಇದೆ. ಅದನ್ನು ಬಳಸಿಕೊಂಡು, ಎರಡು ಗಟ್ಟಿ ಲಿಗಮೆಂಟುಗಳ, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿಗಳ, ನಡುವೆ ನುಸುಳಿ, ಇನ್ನೊಂದು ಕಿಂಡಿಯಿಂದ ಮತ್ತೆ ಒಳಕ್ಕೆ ಬರುತ್ತದೆ. ಮುಂದೆ ಒಂದು ಸ್ನಾಯುವಿನ ಹೊದಿಕೆಯೊಳಗಿನ ಕಿರಿದಾದ ಕಾಲುವೆಯಲ್ಲಿ ಸಾಗುತ್ತದೆ. ಅದನ್ನು ಆಲ್ಕಾಕ್ ಕಾಲುವೆ ಅನ್ನುತ್ತಾರೆ, 19ನೇ ಶತಮಾನದ ಐರಿಷ್ ಅಂಗರಚನಾ ತಜ್ಞ ಬೆಂಜಮಿನ್ ಆಲ್ಕಾಕ್ ಹೆಸರಲ್ಲಿ.

ಒಂದು ಬಾಗಿಲಿಂದ ಹೊರಗೆ ಹೋಗಿ, ಕಂಬ ಸುತ್ತಿ, ಇನ್ನೊಂದು ಬಾಗಿಲಿಂದ ಒಳಗೆ ಬಂದ ವೈರ್ ಅಂದುಕೊಳ್ಳಿ. ಸುತ್ತಿಕೊಂಡ ಜಾಗದಲ್ಲಿ ಅದಕ್ಕೆ ಆಚೀಚೆ ಸರಿಯೋಕೆ ಆಗುವುದಿಲ್ಲ. ಮುಂದಿನ ತೊಂದರೆಗಳಲ್ಲಿ ಬಹಳಷ್ಟು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಕೊನೆಗೆ ನರ ಮೂರು ಕವಲಾಗುತ್ತದೆ. ಒಂದು ಗುದದ್ವಾರದ ಹೊರ ಉಂಗುರಕ್ಕೆ ಮತ್ತು ಸುತ್ತಲಿನ ಚರ್ಮಕ್ಕೆ. ಇನ್ನೊಂದು ಮೂತ್ರನಾಳವನ್ನು ಬಿಗಿಹಿಡಿಯುವ ಸ್ನಾಯುವಿಗೆ, ಯೋನಿಯ ಹೊರತುಟಿಗಳಿಗೆ ಅಥವಾ ವೃಷಣಚೀಲದ ಚರ್ಮಕ್ಕೆ. ಮೂರನೆಯದು ಚಂದ್ರನಾಡಿಗೆ ಅಥವಾ ಶಿಶ್ನಕ್ಕೆ. ಮಲ, ಮೂತ್ರ, ಲೈಂಗಿಕ ಸ್ಪರ್ಶ, ಮೂರೂ ಇದರ ಜವಾಬ್ದಾರಿ.

ಒಂದು ವಿಷಯ ಇಲ್ಲಿ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಈ ಸ್ನಾಯುಗಳನ್ನು ಆಡಿಸುವ ನರಕೋಶಗಳು ಬೆನ್ನುಹುರಿಯಲ್ಲಿ ಒಂದು ಪುಟ್ಟ ಗುಂಪಾಗಿ ಕೂತಿವೆ. 1899ರಲ್ಲಿ ಇದನ್ನು ವಿವರಿಸಿದವರು ನರರೋಗ ತಜ್ಞ ಓನುಫ್. ಇವು ಕೈಕಾಲು ಆಡಿಸುವ ನರಕೋಶಗಳ ಹಾಗಲ್ಲ. ನಾವು ನಿದ್ದೆ ಮಾಡುವಾಗಲೂ ಇವು ಪಹರೆ ಬಿಡುವುದಿಲ್ಲ. ಎಎಲ್‌ಎಸ್ ಎಂಬ ಕಾಯಿಲೆಯಲ್ಲಿ ಕೈಕಾಲಿನ ನರಕೋಶಗಳು ಒಂದೊಂದಾಗಿ ಸಾಯುತ್ತವೆ, ಓನುಫ್ ಗುಂಪು ಮಾತ್ರ ಬಹುಪಾಲು ಉಳಿದುಕೊಳ್ಳುತ್ತದೆ. ಹಾಗಾಗಿ ಬೆರಳು ಎತ್ತಲಾಗದ ರೋಗಿಗೂ ಮಲಮೂತ್ರದ ಹಿಡಿತ ಸಾಮಾನ್ಯವಾಗಿ ಇರುತ್ತದೆ.

ಹೆರಿಗೆಯಲ್ಲಿ ಎಳೆತ

ಪೆಲ್ವಿಕ್ ಫ್ಲೋರ್ ಅಂದರೆ ಸೊಂಟದ ಗೂಡಿನ ತಳ. ಮುಂದಿನ ಮೂಳೆಯಿಂದ ಬಾಲಮೂಳೆವರೆಗೆ ಜೋಲಿಯ ಹಾಗೆ ಕಟ್ಟಿದ ಸ್ನಾಯುಗಳ ಹಾಸು. ಮೂತ್ರಕೋಶ, ಗರ್ಭಕೋಶ, ಕರುಳಿನ ತುದಿ ಅದರ ಮೇಲೆ ಕೂತಿವೆ. ಹೆರಿಗೆಯಲ್ಲಿ ಮಗುವಿನ ತಲೆ ಈ ಹಾಸನ್ನೇ ಹಿಗ್ಗಿಸಿಕೊಂಡು ಹೊರಬರಬೇಕು.

ಆಗ ನರಕ್ಕೆ ಏನಾಗುತ್ತದೆ? ಅದರ ಒಂದು ಕಡೆ ಮೂಳೆಯ ಮೊನೆಯ ಹತ್ತಿರ ಕಟ್ಟಿ ಹಾಕಿದಂತಿದೆ. ಇನ್ನೊಂದು ತುದಿ ಸ್ನಾಯುವಿನೊಳಗೆ ಹೊಕ್ಕಿದೆ. ಸ್ನಾಯು ಕೆಳಗೆ ಹೋದಂತೆ ನರವೂ ಜಗ್ಗುತ್ತದೆ. 2005ರಲ್ಲಿ ಪ್ರಕಟವಾದ ಒಂದು ಕಂಪ್ಯೂಟರ್ ಮಾದರಿಯ ಲೆಕ್ಕದಲ್ಲಿ, ಗುದದ್ವಾರಕ್ಕೆ ಹೋಗುವ ಕವಲು ತನ್ನ ಉದ್ದದ 35%ರಷ್ಟು ಹಿಗ್ಗಬಹುದು. ಸುಮಾರು 15% ದಾಟಿದರೆ ನರಕ್ಕೆ ಶಾಶ್ವತ ಹಾನಿಯಾಗಬಹುದು ಅಂತ ಪರಿಗಣಿಸುತ್ತಾರೆ. ಅದೊಂದು ಮಾದರಿ ಅಷ್ಟೇ, ನಿಜವಾದ ಹೆರಿಗೆಯಲ್ಲಿ ಅಳೆದಿದ್ದಲ್ಲ. ಆದರೂ ಎಳೆತ ಎಷ್ಟಿರಬಹುದು ಅಂತ ಅಂದಾಜು ಸಿಗುತ್ತದೆ.

ಇದಕ್ಕೂ ಮುಂಚೆ, 1984ರಲ್ಲಿ, ಲಂಡನ್ನಿನ ಸಂಶೋಧಕರು ಹೆರಿಗೆಯಾದ ಮಹಿಳೆಯರಲ್ಲಿ ಈ ನರದ ವೇಗವನ್ನೇ ಅಳೆದರು. ಯೋನಿಯ ಮೂಲಕ ಹೆರಿಗೆಯಾದ ಕೆಲವರಲ್ಲಿ ನರದ ಸಂದೇಶ ತಡವಾಗಿ ತಲುಪುತ್ತಿತ್ತು. ಮೊದಲೇ ನಿಗದಿಮಾಡಿ ಸಿಸೇರಿಯನ್ ಮಾಡಿಸಿಕೊಂಡವರಲ್ಲಿ ಆ ತಡ ಕಾಣಲಿಲ್ಲ. ತಡವಾಗಿದ್ದವರಲ್ಲೂ ಹೆಚ್ಚಿನವರ ನರ ಎರಡು ತಿಂಗಳಲ್ಲಿ ಸುಧಾರಿಸಿತ್ತು. ಎಷ್ಟೋ ಹೊತ್ತು ತಿಣುಕಬೇಕಾದ ಹೆರಿಗೆ, ದಪ್ಪ ಮಗು, ಫೋರ್ಸೆಪ್ಸ್ ಹಾಕಿ ಎಳೆಯುವುದು, ಪದೇ ಪದೇ ಹೆರಿಗೆ, ಇವು ಅಪಾಯ ಹೆಚ್ಚಿಸುತ್ತವೆ.

ಸುಧಾರಿಸಿತು ಅಂದಮೇಲೆ ಕಥೆ ಮುಗಿಯಿತು ಅಲ್ವಾ? ಇಲ್ಲ.

ಜಗ್ಗಿದ ನರದಲ್ಲಿ ಸಾವಿರಾರು ಎಳೆಗಳಿರುತ್ತವೆ. ಕೆಲವು ಸುಮ್ನೆ ಸ್ತಬ್ಧವಾಗಿ ಕೆಲವು ವಾರಗಳಲ್ಲಿ ಎಚ್ಚರಗೊಳ್ಳುತ್ತವೆ. ಕೆಲವು ತುಂಡಾಗುತ್ತವೆ. ತುಂಡಾದ ಎಳೆ ದಿನಕ್ಕೆ ಹೆಚ್ಚೂಕಡಿಮೆ 1 ಮಿಲಿಮೀಟರ್ ವೇಗದಲ್ಲಿ ಬೆಳೆಯುತ್ತಾ ಸ್ನಾಯುವನ್ನು ಹುಡುಕಿಕೊಂಡು ಹೋಗುತ್ತದೆ. ಎಲ್ಲವೂ ತಲುಪುವುದಿಲ್ಲ. ಅಷ್ಟರಲ್ಲಿ ಅನಾಥವಾದ ಸ್ನಾಯುನಾರುಗಳನ್ನು ಪಕ್ಕದ ಆರೋಗ್ಯವಾಗಿರುವ ಎಳೆ ದತ್ತು ತೆಗೆದುಕೊಳ್ಳುತ್ತದೆ. ಹೊಸ ಚಿಗುರು ಬಿಟ್ಟು ಅವನ್ನೂ ನಡೆಸುತ್ತದೆ. ಹೀಗೆ ಮೊದಲು ಹತ್ತು ಜನ ಮಾಡುತ್ತಿದ್ದ ಕೆಲಸವನ್ನು ಆರು ಜನ ಹಂಚಿಕೊಂಡಂತಾಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿದೆ. ತಾಯಿಗೂ ಏನೂ ಅನ್ನಿಸುವುದಿಲ್ಲ.

ಕಷ್ಟ ಶುರುವಾಗುವುದು ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ. ವಯಸ್ಸಾದಂತೆ ಎಲ್ಲರಲ್ಲೂ ನರಕೋಶಗಳು ಕಡಿಮೆಯಾಗುತ್ತವೆ, ಸ್ನಾಯು ತೆಳ್ಳಗಾಗುತ್ತದೆ. ಮುಟ್ಟು ನಿಂತ ಮೇಲೆ ಆ ಭಾಗದ ಅಂಗಾಂಶಗಳೂ ಸೊರಗುತ್ತವೆ. ಹತ್ತು ಜನರಲ್ಲಿ ಇಬ್ಬರು ನಿವೃತ್ತರಾದರೆ ನಡೆಯುತ್ತದೆ. ಆರು ಜನರಲ್ಲಿ ಇಬ್ಬರು ಹೋದರೆ? ಅದಕ್ಕೇ ಐವತ್ತೈದರ ಮಹಿಳೆ 'ಈಗ ಯಾಕೆ ಶುರುವಾಯಿತು' ಅಂತ ಕೇಳಿದಾಗ, ಉತ್ತರದ ಒಂದು ಭಾಗ ಅವರ ಇಪ್ಪತ್ತೈದರ ಹೆರಿಗೆಯಲ್ಲಿ ಇರಬಹುದು.

ಸೋರುವುದು ಹೇಗೆ ಅನ್ನೋದು ಯಾವ ಕೆಲಸ ಕೆಟ್ಟಿದೆ ಅನ್ನೋದರ ಮೇಲೆ ನಿಂತಿದೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಬಿದ್ದರೆ, ಹೊಟ್ಟೆಯ ಒತ್ತಡ ಏರಿದ ಕ್ಷಣ ಮೂತ್ರನಾಳ ಸಾಕಷ್ಟು ಬಿಗಿಯಾಗಲಿಲ್ಲ ಅಂತ ಅರ್ಥ. ಮಲ ಬಂದದ್ದು ಗೊತ್ತಾಗಿಯೂ ಟಾಯ್ಲೆಟ್ ತಲುಪುವವರೆಗೆ ತಡೆಯಲಾಗದಿದ್ದರೆ ಹೊರ ಉಂಗುರದ ಮೇಲೆ ಅನುಮಾನ. ಬಂದದ್ದೇ ಗೊತ್ತಾಗದೆ ಒಳ ಉಡುಪು ಕೊಳೆಯಾಗಿದ್ದರೆ ಒಳ ಉಂಗುರ ಅಥವಾ ಸ್ಪರ್ಶಜ್ಞಾನದ ತೊಂದರೆ ಇರಬಹುದು. ಒಳ ಉಂಗುರ ಮಾತ್ರ ಪ್ಯುಡೆಂಡಲ್ ನರದ ಅಧೀನದಲ್ಲಿಲ್ಲ. ಅದು ನಮ್ಮ ಇಚ್ಛೆಗೆ ಸಿಗದ ಬೇರೆ ನರಗಳ ಮಾತು ಕೇಳುತ್ತದೆ. ಸುಮ್ಮನಿರುವಾಗಿನ ಬಿಗಿಯಲ್ಲಿ ದೊಡ್ಡ ಪಾಲು ಅದರದ್ದೇ.

ಎಲ್ಲವನ್ನೂ ನರದ ತಲೆಗೆ ಕಟ್ಟಬೇಡಿ

1980ರ ದಶಕದಲ್ಲಿ ಪೆಲ್ವಿಕ್ ಫ್ಲೋರ್ ತೊಂದರೆಗಳಿಗೆಲ್ಲ ಈ ನರವೇ ಮೂಲ ಅನ್ನುವ ಉತ್ಸಾಹವಿತ್ತು. ಅದಕ್ಕೆ ಕಾರಣ ಒಂದು ಪರೀಕ್ಷೆ. ವೈದ್ಯರು ಕೈಗವಸಿನ ತೋರುಬೆರಳಿಗೆ ಎಲೆಕ್ಟ್ರೋಡ್ ಅಂಟಿಸಿ, ಗುದದ್ವಾರದ ಮೂಲಕ ಬೆರಳು ಹಾಕಿ, ಆ ಮೂಳೆಯ ಮೊನೆಯನ್ನು ಮುಟ್ಟುತ್ತಾರೆ. ಬೆರಳ ತುದಿಯಿಂದ ನರಕ್ಕೆ ಸಣ್ಣ ವಿದ್ಯುತ್ ಕೊಡುತ್ತಾರೆ. ಬೆರಳ ಬುಡದಲ್ಲಿರುವ ಎಲೆಕ್ಟ್ರೋಡ್ ಹೊರ ಉಂಗುರ ಯಾವಾಗ ಬಿಗಿಯಾಯಿತು ಅಂತ ಗುರುತು ಹಾಕುತ್ತದೆ. ಆರೋಗ್ಯವಂತರಲ್ಲಿ ಇದಕ್ಕೆ ಸುಮಾರು 2 ಮಿಲಿಸೆಕೆಂಡ್ ಸಾಕು.

ಉಪಾಯ ಚೆನ್ನಾಗಿದೆ. ಆದರೆ ಒಂದು ಹುಳುಕಿದೆ. ನರದಲ್ಲಿ ಅತಿ ವೇಗದ ಎಳೆಗಳು ಕೆಲವೇ ಉಳಿದಿದ್ದರೂ ಸಂದೇಶ ಸರಿಯಾದ ಸಮಯಕ್ಕೆ ತಲುಪಿಬಿಡುತ್ತದೆ. ಮುಕ್ಕಾಲು ನರ ಸತ್ತಿದ್ದರೂ ಪರೀಕ್ಷೆ 'ನಾರ್ಮಲ್' ಅನ್ನಬಹುದು. ಬಸ್ ಸಮಯಕ್ಕೆ ಬಂತು ಅಂದಮಾತ್ರಕ್ಕೆ ಎಷ್ಟು ಬಸ್ ಓಡುತ್ತಿವೆ ಅಂತ ಗೊತ್ತಾಗುತ್ತದಾ? ಅದಕ್ಕೇ ಇವತ್ತು ಈ ಒಂದು ಸಂಖ್ಯೆಯನ್ನು ನಂಬಿ ಯಾರೂ ತೀರ್ಪು ಕೊಡುವುದಿಲ್ಲ. ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಪರೀಕ್ಷೆ ಹೆಚ್ಚು ಹೇಳುತ್ತದೆ, ಆದರೆ ನೋಯುತ್ತದೆ.

ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಬಂದಮೇಲೆ ಇನ್ನೊಂದು ಸತ್ಯ ಕಂಡಿತು. ಹೆರಿಗೆಯಲ್ಲಿ ಕೆಲವರ ಲೆವೇಟರ್ ಸ್ನಾಯು, ಅಂದರೆ ಆ ಜೋಲಿಯ ಮುಖ್ಯ ಭಾಗ, ಮೂಳೆಯಿಂದಲೇ ಕಿತ್ತು ಬರುತ್ತದೆ. ಇನ್ನು ಕೆಲವರಲ್ಲಿ ಗುದದ್ವಾರದ ಉಂಗುರವೇ ಹರಿದಿರುತ್ತದೆ, ಹೊಲಿಗೆ ಹಾಕುವಾಗ ಕಣ್ಣಿಗೆ ಬಿದ್ದಿರುವುದಿಲ್ಲ. ಲೆವೇಟರ್ ಸ್ನಾಯುವಿಗೆ ಬಹುಪಾಲು ಬೇರೆಯೇ ನರ ಇದೆ, ಸೇಕ್ರಮ್ ಬೇರುಗಳಿಂದ ನೇರವಾಗಿ ಬರುವಂಥದ್ದು. ಗರ್ಭಕೋಶ ಜಾರುವ ತೊಂದರೆಯಲ್ಲಿ ಕಿತ್ತ ಸ್ನಾಯು ಮತ್ತು ಸಡಿಲವಾದ ಲಿಗಮೆಂಟುಗಳ ಪಾತ್ರ ದೊಡ್ಡದು. ಪ್ಯುಡೆಂಡಲ್ ನರ ಅಲ್ಲಿ ಸಹಪಾತ್ರಧಾರಿ. ಮಲದ ಹಿಡಿತ ಮತ್ತು ಮೂತ್ರನಾಳದ ಬಿಗಿಯ ವಿಷಯಕ್ಕೆ ಬಂದಾಗ ಅದರ ಪಾಲು ಜಾಸ್ತಿ.

ಮಲಬದ್ಧತೆಯೂ ಈ ಲೆಕ್ಕಕ್ಕೆ ಬರುತ್ತದೆ. ವರ್ಷಾನುಗಟ್ಟಲೆ ಟಾಯ್ಲೆಟ್‌ನಲ್ಲಿ ಕೂತು ತಿಣುಕುವವರಲ್ಲಿ ಪ್ರತಿ ಸಲ ತಳ ಕೆಳಗೆ ಉಬ್ಬುತ್ತದೆ, ನರ ಪ್ರತಿ ಸಲ ಸ್ವಲ್ಪ ಜಗ್ಗುತ್ತದೆ. ಸಕ್ಕರೆ ಕಾಯಿಲೆಯಿಂದಲೂ ಈ ನರ ಹಾಳಾಗಬಹುದು.

ಎರಡನೇ ಮುಖ: ನೋವು

ಇಲ್ಲಿ ನರ ಜಗ್ಗುವುದಕ್ಕಿಂತ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಲಿಗಮೆಂಟುಗಳ ಸಂದಿ ಮತ್ತು ಆಲ್ಕಾಕ್ ಕಾಲುವೆ, ಇವೆರಡು ಮುಖ್ಯ ಜಾಗಗಳು. ಗಂಡಸರಿಗೂ ಬರುತ್ತದೆ, ಹೆಂಗಸರಿಗೂ ಬರುತ್ತದೆ.

ನೋವಿನ ಸ್ವಭಾವ ವಿಶಿಷ್ಟ. ಉರಿ, ಚುಚ್ಚು, ಕರೆಂಟ್ ಹೊಡೆದ ಹಾಗೆ. ಬಟ್ಟೆ ತಾಗಿದರೂ ಸಹಿಸಲಾಗದು. ಗುದದ್ವಾರದೊಳಗೆ ಅಥವಾ ಯೋನಿಯೊಳಗೆ ಏನೋ ಉಂಡೆ ಸಿಕ್ಕಿಕೊಂಡ ಹಾಗೆ ಅನಿಸುವುದೂ ಉಂಟು, ಬೆರಳು ಹಾಕಿ ನೋಡಿದರೆ ಏನೂ ಇರುವುದಿಲ್ಲ. ಕೂತರೆ ಜಾಸ್ತಿ, ನಿಂತರೆ ಕಡಿಮೆ, ಮಲಗಿದರೆ ಇನ್ನೂ ಕಡಿಮೆ. ಬೆಳಗ್ಗೆ ಪರವಾಗಿಲ್ಲ, ಸಂಜೆಯ ಹೊತ್ತಿಗೆ ಜೀವ ಹಿಂಡುತ್ತದೆ.

ಒಂದು ಸುಳಿವು ಮಾತ್ರ ಮರೆಯಬಾರದು. ಕುರ್ಚಿಯಲ್ಲಿ ಕೂರಲಾಗದ ಇವರು ಕಮೋಡ್ ಮೇಲೆ ಎಷ್ಟೋ ಆರಾಮಾಗಿ ಕೂರುತ್ತಾರೆ. ಯಾಕೆಂದರೆ ಅಲ್ಲಿ ಭಾರವೆಲ್ಲ ಅಂಚಿನ ಮೇಲೆ ಬಿದ್ದು, ನಡುವಿನ ಜಾಗಕ್ಕೆ ಒತ್ತಡವೇ ಇರುವುದಿಲ್ಲ. 'ಎಲ್ಲಿ ಕೂತರೆ ನೋವು, ಎಲ್ಲಿ ಕೂತರೆ ಇಲ್ಲ' ಅನ್ನೋ ಈ ಸಣ್ಣ ಪ್ರಶ್ನೆ ಕೆಲವೊಮ್ಮೆ ದುಬಾರಿ ಸ್ಕ್ಯಾನ್‌ಗಿಂತ ಜಾಸ್ತಿ ಹೇಳುತ್ತದೆ.

ಫ್ರಾನ್ಸಿನ ನಾಂಟ್ ನಗರದ ತಜ್ಞರ ಹೆಸರಲ್ಲಿ 2008ರಲ್ಲಿ ಪ್ರಕಟವಾದ ಮಾನದಂಡಗಳು ಈಗಲೂ ಬಳಕೆಯಲ್ಲಿವೆ. ಐದು ಮುಖ್ಯ ಅಂಶ: ನೋವು ಈ ನರದ ವ್ಯಾಪ್ತಿಯಲ್ಲೇ ಇರಬೇಕು, ಕೂತಾಗ ಹೆಚ್ಚಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಪರೀಕ್ಷಿಸಿದಾಗ ಚರ್ಮ ಮರಗಟ್ಟಿರಬಾರದು, ನರದ ಬಳಿ ಅರಿವಳಿಕೆ ಚುಚ್ಚಿದರೆ ನೋವು ಇಳಿಯಬೇಕು. ನಾಲ್ಕನೆಯದು ಓದಿದಾಗ ಹುಬ್ಬೇರಿಸುವವರೇ ಹೆಚ್ಚು. ನರಕ್ಕೆ ಪೆಟ್ಟಾದರೆ ಮರಗಟ್ಟಬೇಕಲ್ವಾ? ಆದರೆ ಸ್ಪಷ್ಟವಾಗಿ ಮರಗಟ್ಟಿದ್ದರೆ ತೊಂದರೆ ಇನ್ನೂ ಮೇಲೆ, ನರಬೇರುಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಅದನ್ನು ಮೊದಲು ಹುಡುಕಬೇಕು.

ಸೈಕಲ್ ತುಳಿಯುವವರಿಗೆ ಇದರ ಪರಿಚಯ ಇರುತ್ತದೆ. ಫ್ರಾನ್ಸಿನ ವೈದ್ಯ ಅಮರೆಂಕೊ 1987ರಲ್ಲೇ ಸೈಕಲ್ ಸವಾರರಲ್ಲಿ ಈ ನರದ ತೊಂದರೆಯನ್ನು ವರದಿ ಮಾಡಿದ್ದರು. ಸೀಟಿನ ಚೂಪು ಮೂತಿ ನೇರವಾಗಿ ನರದ ಮೇಲೆ ಒತ್ತುತ್ತದೆ. ಹೆಚ್ಚಿನವರಿಗೆ ಜೋಮು ಹಿಡಿದು, ಇಳಿದ ಮೇಲೆ ಬಿಟ್ಟುಹೋಗುತ್ತದೆ. ಪದೇ ಪದೇ ಆಗುತ್ತಿದ್ದರೆ ಸೀಟು ಬದಲಿಸಬೇಕು, ನಡುನಡುವೆ ಪೆಡಲ್ ಮೇಲೆ ಎದ್ದು ನಿಲ್ಲಬೇಕು.

ಆಪರೇಷನ್ನಿನಿಂದಲೂ ಆಗಬಹುದು. ಜಾರಿದ ಗರ್ಭಕೋಶ ಅಥವಾ ಯೋನಿಯನ್ನು ಮೇಲೆತ್ತಿ ಕಟ್ಟುವ ಒಂದು ವಿಧಾನದಲ್ಲಿ ಹೊಲಿಗೆ ಹಾಕುವುದು ಈ ನರ ಬಳಸಿ ಹೋಗುವ ಲಿಗಮೆಂಟಿಗೇ. ಹೊಲಿಗೆ ಸ್ವಲ್ಪ ಆಚೀಚೆಯಾದರೆ ನರವೂ ಅದರಲ್ಲಿ ಸಿಕ್ಕಿಬೀಳಬಹುದು. ಎಚ್ಚರವಾದ ಕೂಡಲೇ ಪೃಷ್ಠದಲ್ಲಿ ಅಥವಾ ಕೆಳಗೆ ಜೋರು ನೋವಿದ್ದರೆ ಸರ್ಜನ್‌ಗೆ ಆಗಲೇ ಹೇಳಬೇಕು. ಹೊಲಿಗೆ ಬಿಚ್ಚುವುದಿದ್ದರೆ ಬೇಗ ಬಿಚ್ಚಿದಷ್ಟೂ ಒಳ್ಳೆಯದು.

ಗಂಡಸರಲ್ಲಿ ಈ ನೋವನ್ನು ಪ್ರಾಸ್ಟೇಟ್ ಸೋಂಕು ಅಂದುಕೊಂಡು ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ಕೊಡುವುದು, ಹೆಂಗಸರಲ್ಲಿ ಫಂಗಸ್ ಅಂದುಕೊಂಡು ಮುಲಾಮು ಕೊಡುವುದು, ಇಬ್ಬರಲ್ಲೂ ಮೂಲವ್ಯಾಧಿ ಅಂದುಕೊಳ್ಳುವುದು, ಇವೆಲ್ಲ ಆಗುವ ತಪ್ಪುಗಳೇ. ಹಾಗಂತ ಕೆಳಗಿನ ನೋವೆಲ್ಲ ನರದ್ದೇ ಅಲ್ಲ. ಬೇರೆ ಕಾರಣಗಳನ್ನು ತಳ್ಳಿಹಾಕೋಕೆ ಪರೀಕ್ಷೆ, ಎಂಆರ್‌ಐ ಬೇಕು.

ಬಿಗಿ ಹಿಡಿಯಬೇಕಾ, ಬಿಡಬೇಕಾ?

ಪೆಲ್ವಿಕ್ ಫ್ಲೋರ್ ಅಂದ ಕೂಡಲೇ ಕೇಳಿಬರುವುದು ಕೀಗಲ್ ವ್ಯಾಯಾಮ. ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದರ ಬಗ್ಗೆ ಬರೆದರು. ಮೂತ್ರ ತಡೆಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಬಿಗಿ ಮಾಡಿ ಬಿಡುವುದು. ಸೋರುವವರಿಗೆ ಇದು ಒಳ್ಳೆಯ ಮದ್ದು. ಉಳಿದಿರುವ ನರದ ಎಳೆಗಳಿಂದ ಪೂರ್ತಿ ಕೆಲಸ ತೆಗೆಯುವ ದಾರಿ ಇದು. ಆದರೆ ಸರಿಯಾಗಿ ಮಾಡಬೇಕು. ಎಷ್ಟೋ ಜನ ಹೊಟ್ಟೆ ಬಿಗಿ ಹಿಡಿಯುತ್ತಾರೆ, ಪೃಷ್ಠ ಹಿಂಡುತ್ತಾರೆ, ಕೆಲವರು ಮೇಲೆತ್ತುವ ಬದಲು ಕೆಳಕ್ಕೆ ಮುಕ್ಕುತ್ತಾರೆ. ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತರೆ ಒಳ್ಳೆಯದು. ಬಯೋಫೀಡ್‌ಬ್ಯಾಕ್ ಯಂತ್ರವಿದ್ದರೆ ಸ್ನಾಯು ಬಿಗಿಯಾಗುವುದನ್ನು ಪರದೆಯ ಮೇಲೆಯೇ ನೋಡಬಹುದು.

ನೋವಿನವರ ಕಥೆ ಬೇರೆ. ನೋವಿಗೆ ಹೆದರಿ ಅವರ ತಳದ ಸ್ನಾಯುಗಳು ಮೊದಲೇ ಸೆಟೆದುಕೊಂಡಿರುತ್ತವೆ. ಸೆಟೆದ ಸ್ನಾಯು ನರವನ್ನು ಇನ್ನೂ ಒತ್ತುತ್ತದೆ. ಇವರಿಗೆ ದಿನಕ್ಕೆ ಐವತ್ತು ಸಲ ಬಿಗಿ ಹಿಡಿ ಅಂದರೆ, ಸೆಳೆತ ಬಂದ ಕಾಲಿನಲ್ಲಿ ಓಡು ಅಂದ ಹಾಗೆ. ಇವರು ಕಲಿಯಬೇಕಾದದ್ದು ಬಿಡುವುದನ್ನು: ಉಸಿರು ಒಳಗೆ ಹೋದಾಗ ತಳ ಮೆಲ್ಲಗೆ ಕೆಳಗಿಳಿಯಲು ಬಿಡುವುದು, ಸ್ನಾಯು ಸಡಿಲಿಸುವುದು. ಜೊತೆಗೆ ಕೂರುವ ಹೊತ್ತು ಕಡಿಮೆ ಮಾಡಬೇಕು, ಕೂತರೆ ನಡುವೆ ಖಾಲಿ ಬಿಟ್ಟ ಕುಶನ್ ಬಳಸಬೇಕು, ಮಲ ಗಟ್ಟಿಯಾಗದಂತೆ ನೋಡಿಕೊಳ್ಳಬೇಕು. ಅಮಿಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್‌ನಂಥ ನರನೋವಿನ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಅಷ್ಟಕ್ಕೂ ಬಗ್ಗದಿದ್ದರೆ ನರದ ಬಳಿ ಇಂಜೆಕ್ಷನ್.

ಕೊನೆಯ ಮೆಟ್ಟಿಲು ಆಪರೇಷನ್: ಸಿಕ್ಕಿಹಾಕಿಕೊಂಡ ಜಾಗದಲ್ಲಿ ಲಿಗಮೆಂಟ್ ಕತ್ತರಿಸಿ ನರವನ್ನು ಬಿಡಿಸುವುದು. ನಾಂಟ್ ತಂಡವೇ 2005ರಲ್ಲಿ 32 ರೋಗಿಗಳ ಮೇಲಿನ ಒಂದು ಸಣ್ಣ ಪ್ರಯೋಗ ಪ್ರಕಟಿಸಿತು. ವರ್ಷದ ಕೊನೆಗೆ ಆಪರೇಷನ್ ಆದವರಲ್ಲಿ ಸುಮಾರು 71% ಜನ ಸುಧಾರಿಸಿದ್ದರು, ಆಗದವರಲ್ಲಿ ಸುಮಾರು 13%. ಸುಧಾರಿಸಿದ್ದರು ಅಂದರೆ ನೋವು ಪೂರ್ತಿ ಹೋಯಿತು ಅಂತಲ್ಲ. ಮೂವತ್ತೆರಡು ಜನ ಅಂದರೆ ದೊಡ್ಡ ಲೆಕ್ಕವೂ ಅಲ್ಲ.

ಹಿಡಿತ ಕಳೆದುಕೊಂಡವರಿಗೆ ಇನ್ನೊಂದು ಉಪಾಯವಿದೆ. ನರದ ತುದಿ ಹಾಳಾಗಿದ್ದರೆ ಬುಡದಲ್ಲಿ ಮಾತಾಡಿಸುವುದು. ಸೇಕ್ರಮ್ ಮೂಳೆಯ ಮೂರನೇ ರಂಧ್ರದಲ್ಲಿ ತೆಳು ತಂತಿ ಇಟ್ಟು, ಪೃಷ್ಠದ ಮೇಲ್ಭಾಗದ ಚರ್ಮದಡಿ ಪೇಸ್‌ಮೇಕರ್‌ನಂಥ ಸಾಧನ ಕೂರಿಸಿ, ಎಸ್3 ಬೇರಿಗೆ ಸಣ್ಣ ವಿದ್ಯುತ್ ಕೊಡುತ್ತಾರೆ. ಅಮೆರಿಕದಲ್ಲಿ ತಡೆಯಲಾಗದ ಮೂತ್ರದ ಅವಸರಕ್ಕೆ 1997ರಲ್ಲಿ, ಮಲದ ಹಿಡಿತಕ್ಕೆ 2011ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಮೊದಲು ಕೆಲವು ದಿನ ತಾತ್ಕಾಲಿಕವಾಗಿ ಹಾಕಿ ನೋಡಿ, ಪ್ರಯೋಜನ ಕಂಡರೆ ಮಾತ್ರ ಶಾಶ್ವತವಾಗಿ ಕೂರಿಸುತ್ತಾರೆ. ಇದು ಸ್ನಾಯುವನ್ನು ಬಲಪಡಿಸುವುದಕ್ಕಿಂತ, ಕೆಳಗಿನಿಂದ ಮೆದುಳಿಗೆ ಹೋಗುವ ಸಂದೇಶಗಳನ್ನು ತಿದ್ದಿ ಕೆಲಸ ಮಾಡುತ್ತದೆ ಅನ್ನುವುದೇ ಈಗ ಹೆಚ್ಚು ಜನ ಒಪ್ಪುವ ವಿವರಣೆ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವಾಗ ಸೋರುತ್ತದೆ, ಗೊತ್ತಾಗಿ ಸೋರುತ್ತದಾ ಗೊತ್ತಾಗದೆಯಾ, ಕೂತಾಗ ಏನಾಗುತ್ತದೆ, ಕಮೋಡ್ ಮೇಲೆ ಏನಾಗುತ್ತದೆ, ಹೆರಿಗೆಗಳು ಹೇಗಾದವು. ಬಾಯಲ್ಲಿ ಹೇಳೋಕೆ ಮುಜುಗರವಾದರೆ ಚೀಟಿಯನ್ನೇ ಕೊಟ್ಟುಬಿಡಿ. ಅವರು ಗುದದ್ವಾರದ ಪಕ್ಕದ ಚರ್ಮವನ್ನು ಹತ್ತಿಯಿಂದಲೋ ಕಡ್ಡಿಯಿಂದಲೋ ಸವರಬಹುದು. ಗಾಬರಿ ಬೇಡ. ನರ ಸರಿಯಿದ್ದರೆ ಅಲ್ಲಿನ ಸ್ನಾಯು ಕಣ್ಣು ಮಿಟುಕಿಸಿದ ಹಾಗೆ ಚಕ್ಕನೆ ಬಿಗಿಯಾಗುತ್ತದೆ. ಅವರು ನೋಡುತ್ತಿರುವುದು ಅದನ್ನೇ.

ಒಂದು ಸಂದರ್ಭದಲ್ಲಿ ಮಾತ್ರ ಚೀಟಿ ಬರೆಯುತ್ತಾ ಕೂರಬೇಡಿ. ಕುದುರೆ ಏರಿದಾಗ ಜೀನಿಗೆ ತಾಗುವ ಭಾಗವೆಲ್ಲ ಹಠಾತ್ತಾಗಿ ಮರಗಟ್ಟಿತು, ಮೂತ್ರ ಕಟ್ಟಿಕೊಂಡಿತು ಅಥವಾ ಗೊತ್ತಾಗದೆ ಹೋಗತೊಡಗಿತು, ಜೊತೆಗೆ ಬೆನ್ನುನೋವು ಅಥವಾ ಕಾಲಿನ ನಿಶ್ಶಕ್ತಿ ಇದೆ ಅಂದರೆ ಅದು ಪ್ಯುಡೆಂಡಲ್ ನರದ ಕಥೆಯಲ್ಲ. ಬೆನ್ನುಮೂಳೆಯೊಳಗೆ ನರಬೇರುಗಳ ಇಡೀ ಕಟ್ಟೇ ಒತ್ತಿಹೋಗಿರಬಹುದು. ಅದನ್ನು ಕಾಡಾ ಈಕ್ವೈನಾ ಸಿಂಡ್ರೋಮ್ ಅನ್ನುತ್ತಾರೆ. ಅದಕ್ಕೆ ಗಂಟೆಗಳ ಲೆಕ್ಕ, ನಾಳೆ ಅಪಾಯಿಂಟ್‌ಮೆಂಟ್ ಇದೆ ಅಂತ ಕಾಯುವ ಹಾಗಿಲ್ಲ. ಆ ರಾತ್ರಿಯೇ ಎಮರ್ಜೆನ್ಸಿಗೆ ಹೋಗಬೇಕು.